ಸಿನ್‌ಗ್ಯಾಸನ್ನು ಅಷ್ಟು ಕಾಯಿಸಿ, ಕೂಡಲೇ ತಣ್ಣಗೆ ಮಾಡುವುದೇಕೆ?

ಓದುಗರ ಪ್ರಶ್ನೆ: ರಿಫಾರ್ಮರ್‌ನಲ್ಲಿ (ಮೀಥೇನ್ ಮತ್ತು ಹಬೆಯಿಂದ ಸಿನ್‌ಗ್ಯಾಸ್, ಅಂದರೆ ಕಾರ್ಬನ್ ಮೊನಾಕ್ಸೈಡ್-ಹೈಡ್ರೋಜನ್ ಮಿಶ್ರಣ, ಮಾಡುವ ಕುಲುಮೆ) ಗ್ಯಾಸನ್ನು 850 ಡಿಗ್ರಿವರೆಗೆ ಕಾಯಿಸ್ತಾರೆ, ಹೊರಗೆ ಬಂದ ಕೂಡಲೇ ತಣ್ಣಗೆ ಮಾಡ್ತಾರೆ. ಅಷ್ಟೊಂದು ಶಾಖ ಸುಮ್ನೆ ಹಾಳಾಗಲ್ವಾ?

ಹಾಳಾಗುವುದಿಲ್ಲ, ಹಬೆಯಾಗುತ್ತದೆ. ಆದರೆ ಅವಸರದಲ್ಲಿ ತಣಿಸುವುದಕ್ಕೆ ಇನ್ನೊಂದು ಕಾರಣ ಇದೆ. ನನ್ನ ಪ್ರಕಾರ ಅದೇ ದೊಡ್ಡದು.

ಮೊದಲು ಕಾಯಿಸುವ ವಿಷಯ. ಮೀಥೇನ್ ಮತ್ತು ಹಬೆ ಸೇರಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಆಗುವಾಗ ಪ್ರತಿ ಮೋಲ್ (ಸುಮಾರು 16 ಗ್ರಾಂ) ಮೀಥೇನ್‌ಗೆ 206 ಕಿಲೋಜೂಲ್ ಶಾಖ ಬೇಕು. ಅದಕ್ಕೇ ನಿಕಲ್ ಕ್ಯಾಟಲಿಸ್ಟ್ (ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ತುಂಬಿದ ಟ್ಯೂಬುಗಳಿಗೆ ಹೊರಗಿನಿಂದ ಬರ್ನರ್‌ಗಳು ಉರಿ ಕೊಡುತ್ತಲೇ ಇರಬೇಕು. ಪಣಂಬೂರಿನ ಗೊಬ್ಬರ ಕಾರ್ಖಾನೆಯಲ್ಲಿ ಅಮೋನಿಯಾ ಮಾಡುವುದಕ್ಕೂ ಮೊದಲ ಹೆಜ್ಜೆ ಇದೇ.

ತೊಂದರೆ ಶುರುವಾಗುವುದು ಗ್ಯಾಸ್ ಹೊರಬಂದ ಮೇಲೆ. ಲೋಹದ ಗೋಡೆ ಸುಮಾರು 450ರಿಂದ 800 ಡಿಗ್ರಿ ನಡುವೆ ಇದ್ದರೆ, ಕಾರ್ಬನ್ ಮೊನಾಕ್ಸೈಡ್ ಒಡೆದು ಬಂದ ಕಾರ್ಬನ್ ಲೋಹದೊಳಗೆ ಇಳಿಯುತ್ತದೆ, ಆಮೇಲೆ ಗಟ್ಟಿಮುಟ್ಟಾದ ಉಕ್ಕು ಗೆದ್ದಲು ತಿಂದ ಮರದ ಹಾಗೆ ಪುಡಿಯಾಗಿ ಉದುರುತ್ತದೆ. ಇದನ್ನು ಮೆಟಲ್ ಡಸ್ಟಿಂಗ್ ಅನ್ನುತ್ತಾರೆ.

ಹಾಗಾದರೆ ಆ ಬಿಸಿ ಗ್ಯಾಸಿನಿಂದಲೇ ಒಳಬರುವ ತಣ್ಣನೆ ಗ್ಯಾಸನ್ನು ಕಾಯಿಸಬಹುದಲ್ವಾ? ಮಾಡಬಹುದು, ಆದರೆ ಆಗ ನಡುವಿನ ಗೋಡೆ ಸರಿಯಾಗಿ ಆ ಅಪಾಯದ ಬಿಸಿಯಲ್ಲೇ ಕೂರುತ್ತದೆ. ಅದಕ್ಕೇ ಹೆಚ್ಚಿನ ಕಡೆ ವೇಸ್ಟ್ ಹೀಟ್ ಬಾಯ್ಲರ್ ಇಡುತ್ತಾರೆ. ಟ್ಯೂಬಿನ ಒಂದು ಕಡೆ ಸುಡುವ ಗ್ಯಾಸ್, ಇನ್ನೊಂದು ಕಡೆ ಕುದಿಯುವ ನೀರು. ಅಡುಗೆಮನೆಯಲ್ಲಿ ನೋಡಿರುತ್ತೀರಿ, ಪಾತ್ರೆಯಲ್ಲಿ ನೀರು ಇರುವ ತನಕ ತಳ ಸೀಯುವುದಿಲ್ಲ. ಇಲ್ಲೂ ಅಷ್ಟೇ. 40 ಬಾರ್ ಒತ್ತಡದಲ್ಲಿ ನೀರು ಸುಮಾರು 250 ಡಿಗ್ರಿಗೆ ಕುದಿಯುತ್ತದೆ, ಗ್ಯಾಸ್ ಎಷ್ಟೇ ಬಿಸಿ ಇದ್ದರೂ ಟ್ಯೂಬಿನ ಗೋಡೆ ನೀರಿನ ಬಿಸಿಯ ಹತ್ತಿರವೇ ಉಳಿಯುತ್ತದೆ. ಗ್ಯಾಸ್ ನುಗ್ಗುವ ಬಾಯಿಯ ಹತ್ತಿರ ಮಾತ್ರ ಉರಿ ಜಾಸ್ತಿ, ಅಲ್ಲಿ ಶಾಖ ತಡೆಯುವ ಒಳಕವಚ ಹಾಕುತ್ತಾರೆ.

ಹೀಗೆ ಸಿಕ್ಕ ಹಬೆಯಲ್ಲಿ ಒಂದು ಪಾಲು ವಾಪಸ್ ರಿಫಾರ್ಮರ್‌ಗೇ ಹೋಗುತ್ತದೆ, ಯಾಕೆಂದರೆ ಅಲ್ಲಿ ಒಂದು ಪಾಲು ಕಾರ್ಬನ್‌ಗೆ ಸುಮಾರು ಮೂರು ಪಾಲು ಹಬೆ ಬೇಕು. ಅಮೋನಿಯಾ ಘಟಕಗಳಲ್ಲಿ ಕಂಪ್ರೆಸರ್‌ಗಳ ಟರ್ಬೈನ್ ತಿರುಗಿಸುವುದೂ ಹಬೆಯೇ.

ಇದೆಲ್ಲ ನಿಂತಿರುವುದು ನೀರಿನ ಮೇಲೆ. ಒಳ್ಳೆಯ ನೀರು ಕೊಡದಿದ್ದರೆ ಟ್ಯೂಬಿಗೆ ಉಪ್ಪಿನ ಪೊರೆ ಕಟ್ಟುತ್ತದೆ, ನೀರು ಗೋಡೆಯನ್ನು ಮುಟ್ಟುವುದಿಲ್ಲ, ಗೋಡೆ ಕಾಯುತ್ತದೆ, ಕೊನೆಗೆ ಟ್ಯೂಬ್ ಒಡೆಯುತ್ತದೆ. ನೀರು ಕಡಿಮೆಯಾದರೂ ಇದೇ ಗತಿ. ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟದ ಮೇಲೆ ಆಪರೇಟರ್‌ಗಳು ಹಗಲೂ ರಾತ್ರಿ ಕಣ್ಣಿಟ್ಟಿರುವುದು ಇದಕ್ಕೇ.