ಒಂದು ಮನೆಯಿಂದ ಶುರುವಾದ ಹುಡುಗರ ಬೇಸಿಗೆ ಶಿಬಿರ

ಅಮೆರಿಕದಲ್ಲಿ ಹುಡುಗರ ಬೇಸಿಗೆ ಶಿಬಿರದ ಮೂಲ ಹುಡುಕುತ್ತ ಹೋದರೆ ನಾವು ತಲುಪುವುದು ಒಂದು ದಂಪತಿಯ ಮನೆಗೆ. ಫ್ರೆಡರಿಕ್ ಗನ್ ಮತ್ತು ಅಬಿಗೇಲ್ 1850ರಲ್ಲಿ ಕನೆಕ್ಟಿಕಟ್ ರಾಜ್ಯದ ವಾಷಿಂಗ್ಟನ್ ಎಂಬ ಪುಟ್ಟ ಊರಿನಲ್ಲಿ ಶಾಲೆ ತೆರೆದರು. ಗನ್ ಗುಲಾಮಗಿರಿಯ ಕಟ್ಟಾ ವಿರೋಧಿ. ಅವರ ಶಾಲೆಯಲ್ಲಿ ಹುಡುಗರು ಮನೆಮಕ್ಕಳಂತೆ ಬೆಳೆಯುತ್ತಿದ್ದರು. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಸೈನಿಕರಂತೆ ಬಯಲಲ್ಲಿ ಮಲಗಬೇಕೆಂಬ ಹುಮ್ಮಸ್ಸು ಆ ಹುಡುಗರಿಗೆ. ದಂಪತಿ ಅವರನ್ನು ಸುಮಾರು 40 ಮೈಲಿ ನಡೆಸಿಕೊಂಡು ಮಿಲ್‌ಫರ್ಡ್ ಕಡಲತೀರಕ್ಕೆ ಕರೆದೊಯ್ದರು. ಎರಡು ವಾರ ಡೇರೆ, ದೋಣಿ, ಮೀನು. ಬಹುಪಾಲು ಇತಿಹಾಸಕಾರರು ಶಿಬಿರಗಳ ಲೆಕ್ಕ ಶುರುಮಾಡುವುದು ಇಲ್ಲಿಂದಲೇ.

ಇದಕ್ಕೆ ಸಿದ್ಧಾಂತದ ರೂಪ ಕೊಟ್ಟವರು ಅರ್ನೆಸ್ಟ್ ಬಾಲ್ಚ್. ಸಿರಿವಂತರ ಮಕ್ಕಳು ಬೇಸಿಗೆಯಿಡೀ ಹೋಟೆಲುಗಳಲ್ಲಿ ಕೈಕಟ್ಟಿ ಕೂರುವುದು ಅವರಿಗೆ ಸಹಿಸಲಿಲ್ಲ. 1881ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಸ್ಕ್ವಾಮ್ ಸರೋವರದ ದ್ವೀಪವೊಂದರಲ್ಲಿ ಚೊಕೊರುವಾ ಶಿಬಿರ ತೆರೆದರು. ಅಲ್ಲಿ ಆಳುಕಾಳುಗಳಿರಲಿಲ್ಲ. ಅಡುಗೆ ಮಾಡಬೇಕಾದವರೂ ಪಾತ್ರೆ ಉಜ್ಜಬೇಕಾದವರೂ ಹುಡುಗರೇ. ಹೆಚ್ಚುವರಿ ಕೆಲಸ ಗುತ್ತಿಗೆ ಹಿಡಿದರೆ ಕೂಲಿ ಸಿಗುತ್ತಿತ್ತು, ಅದನ್ನಿಡಲು ಶಿಬಿರದ್ದೇ ಬ್ಯಾಂಕ್ ಇತ್ತು. ಹಣದ ಬೆಲೆ ತಿಳಿಸಲು ಇದಕ್ಕಿಂತ ನೇರವಾದ ದಾರಿ ನನಗಂತೂ ಕಾಣದು. ಆದರೆ ಇಷ್ಟು ಜಾಣ್ಮೆಯ ಪ್ರಯೋಗ 1889ರಲ್ಲೇ ನಿಂತುಹೋಯಿತು. ಒಬ್ಬರ ಉತ್ಸಾಹವನ್ನೇ ನೆಚ್ಚಿದ ಶಿಬಿರ ಬಹುಕಾಲ ಬಾಳುವುದು ಕಷ್ಟ.

ಬಾಳಬೇಕಾದರೆ ಹಿಂದೆ ಸಂಸ್ಥೆಯಿರಬೇಕು, ಇಲ್ಲವೇ ಕುಟುಂಬವಿರಬೇಕು. 1885ರ ಡಡ್ಲಿ ಶಿಬಿರಕ್ಕೆ ಕ್ರೈಸ್ತ ಯುವಕರ ಸಂಘವಾದ ವೈಎಂಸಿಎ ಬೆಂಬಲ ಸಿಕ್ಕಿತು. ನ್ಯೂ ಹ್ಯಾಂಪ್‌ಶೈರ್‌ನ ವೆಂಟ್‌ವರ್ತ್‌ನಲ್ಲಿ 1908ರಲ್ಲಿ ಹುಟ್ಟಿದ ಪೆಮಿಗೆವಾಸೆಟ್ ಹಿಡಿದದ್ದು ಎರಡನೆಯ ದಾರಿ. ಅವಳಿ ಸಹೋದರರಾದ ಎಡ್ಗರ್ ಮತ್ತು ಎಡ್ವಿನ್ ಫಾವರ್, ಅವರ ಗೆಳೆಯ ಡಡ್ಲಿ ರೀಡ್, ಮೂವರೂ ವೈದ್ಯರು, ಸೇರಿ ಕಟ್ಟಿದ ಶಿಬಿರವದು. ತಲೆಮಾರುಗಳು ಉರುಳಿದರೂ ಅದು ಮನೆತನದ ಕೈಯಲ್ಲೇ ಉಳಿಯಿತು. ಇಂಥ ಶಿಬಿರಗಳಲ್ಲಿ ಇಂದಿನ ಹುಡುಗ ಮುಂದೆ ಮಾರ್ಗದರ್ಶಕನಾಗುತ್ತಾನೆ, ಆಮೇಲೆ ತನ್ನ ಮಗನನ್ನೂ ಅಲ್ಲಿಗೇ ಕಳುಹಿಸುತ್ತಾನೆ. ಈ ಸರಪಳಿಯೇ ಅವುಗಳ ನಿಜವಾದ ಬಂಡವಾಳ.

ಈ ಆಪ್ತತೆ ಎಲ್ಲರಿಗೂ ದಕ್ಕಲಿಲ್ಲ ಎಂಬುದನ್ನು ಮರೆಮಾಚಬಾರದು. ಹಲವು ಶಿಬಿರಗಳು ಯಹೂದಿ ಮತ್ತು ಕರಿಯ ಮಕ್ಕಳನ್ನು ದೂರವಿಟ್ಟವು. ಮೂಲನಿವಾಸಿಗಳ ಹೆಸರುಗಳನ್ನು ಬೋರ್ಡಿಗೆ ಏರಿಸಿಕೊಂಡರೂ ಆ ಜನರನ್ನು ಒಳಗೆ ಕರೆಯಲಿಲ್ಲ.

ಪೋಲಿಯೊ ಕಾಲದ ಭಯವನ್ನು ಶಿಬಿರಗಳು ದಾಟಿದವು. 1955ರಲ್ಲಿ ಲಸಿಕೆ ಬಂತು. 2020ರಲ್ಲಿ ಕೋವಿಡ್‌ನಿಂದಾಗಿ ಅನೇಕ ಶಿಬಿರಗಳು ಬಾಗಿಲು ತೆರೆಯಲೇ ಇಲ್ಲ. ಆದರೆ ಕುಟುಂಬಗಳನ್ನು ಸದಾ ಕಾಡುವುದು ನೆಲದ ಪ್ರಶ್ನೆ. ಆದಾಯ ಬೇಸಿಗೆಯ ಏಳೆಂಟು ವಾರಗಳದು, ತೆರಿಗೆ ಮತ್ತು ದುರಸ್ತಿ ವರ್ಷಪೂರ್ತಿಯವು. ಸರೋವರದ ದಂಡೆಯ ಜಮೀನಿಗೆ ಬೆಲೆ ಏರಿದಷ್ಟೂ ವಾರಸುದಾರರಿಗೆ ಮಾರುವ ಆಸೆ ಹೆಚ್ಚು. ಇದನ್ನು ಮುಂಗಂಡ ಕೆಲವು ಮಾಲೀಕರು, ಮುಂದೆ ಯಾರೂ ಬಡಾವಣೆ ಮಾಡಲಾಗದಂತೆ, ಜಮೀನಿನ ಅಭಿವೃದ್ಧಿ ಹಕ್ಕನ್ನು ಸಂರಕ್ಷಣಾ ಟ್ರಸ್ಟ್‌ಗಳಿಗೆ ಬರೆದುಕೊಟ್ಟಿದ್ದಾರೆ.