ಬೆನ್ನಿನಿಂದ ಫ್ರೇಮಿನವರೆಗೆ: ಬೈಕಿನ ಬ್ಯಾಕ್‌ರೆಸ್ಟ್ ಹೊರುವ ಭಾರ

ಬೆಂಗಳೂರಿನಿಂದ ಸಕಲೇಶಪುರಕ್ಕೆ ಇಬ್ಬರು ಒಂದೇ ಬೈಕಿನಲ್ಲಿ ಹೊರಟರೆ, ಸಾಮಾನ್ಯವಾಗಿ ಮೊದಲು ಬೆನ್ನು ನೋಯುವುದು ಬೈಕ್ ಓಡಿಸುವವರಿಗಲ್ಲ, ಹಿಂದೆ ಕುಳಿತವರಿಗೆ. ಓಡಿಸುವವರ ಕೈಯಲ್ಲಿ ಹ್ಯಾಂಡಲ್ ಇರುತ್ತದೆ, ಎದುರಿನ ಗುಂಡಿ ಕಣ್ಣಿಗೆ ಬೀಳುತ್ತದೆ, ಆಕ್ಸಿಲರೇಟರ್ ತಿರುಗಿಸುವ ಮೊದಲೇ ಅವರ ಮೈ ಅದಕ್ಕೆ ಸಿದ್ಧವಾಗಿರುತ್ತದೆ. ಹಿಂಬದಿ ಸವಾರರಿಗೆ ಈ ಮೂರೂ ಇಲ್ಲ. ದೂರ ಪ್ರಯಾಣದ ಬೈಕುಗಳಿಗೆ ಬ್ಯಾಕ್‌ರೆಸ್ಟ್ ಬಂದದ್ದು ಇದೇ ಕಾರಣಕ್ಕೆ. 2020ರಲ್ಲಿ ಮಾರುಕಟ್ಟೆಗೆ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ಕೆಲವು ಮಾದರಿಗಳಲ್ಲಿ ಅದು ಕಂಪನಿಯಿಂದಲೇ ಬರುತ್ತದೆ. ಹಾರ್ಲೆ-ಡೇವಿಡ್ಸನ್‌ನ ಟೂರಿಂಗ್ ಬೈಕುಗಳಿಗೆ, ಬೇಕೆಂದಾಗ ಸಿಕ್ಕಿಸಿ ಬೇಡವೆಂದಾಗ ಕಳಚಿಡಬಹುದಾದ ಬ್ಯಾಕ್‌ರೆಸ್ಟ್ ಪ್ರತ್ಯೇಕವಾಗಿ ಸಿಗುತ್ತದೆ. ಅಮೆರಿಕದ ಸವಾರರು ಅದನ್ನು ಸಿಸ್ಸಿ ಬಾರ್ ಎಂದು ಕರೆಯುತ್ತಾರೆ.

ಈ ಕಳಚುವ ಬಗೆಯದನ್ನು ಅಳವಡಿಸುವಾಗ ಮೆತ್ತೆಯ ಅಂದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು, ಬೆನ್ನು ಒತ್ತಿದ ಬಲ ಯಾವ ದಾರಿಯಲ್ಲಿ ಹಾದು ಎಲ್ಲಿ ಹೋಗಿ ತಲುಪುತ್ತದೆ ಎಂಬುದನ್ನು.

ಅರವತ್ತು ಕಿಲೋ ತೂಗುವ ವ್ಯಕ್ತಿಯ ಸೊಂಟದಿಂದ ಮೇಲಿನ ಭಾಗ, ಅಂದರೆ ಮುಂಡ, ತಲೆ ಮತ್ತು ತೋಳುಗಳು ಸೇರಿ, ಸುಮಾರು ನಲವತ್ತು ಕಿಲೋ ಇರುತ್ತದೆ. ಬೈಕ್ ಪ್ರತಿ ಸೆಕೆಂಡಿಗೆ 3 ಮೀಟರ್/ಸೆಕೆಂಡಿನಂತೆ ವೇಗ ಹೆಚ್ಚಿಸಿಕೊಂಡರೆ, ಸೀಟು ಕೆಳಗಿನ ಭಾಗವನ್ನು ಘರ್ಷಣೆಯ ಬಲದಿಂದ ಮುಂದಕ್ಕೆ ಒಯ್ಯುತ್ತದೆ; ಮೇಲಿನ ಭಾಗ ಮಾತ್ರ ಜಡತ್ವದಿಂದಾಗಿ ಹಿಂದೆಯೇ ಉಳಿಯಲು ನೋಡುತ್ತದೆ. ಅದನ್ನೂ ಜೊತೆಯಲ್ಲಿ ಕರೆದೊಯ್ಯಲು ಬೇಕಾದ ಬಲ 120 ನ್ಯೂಟನ್, ಎಂದರೆ ಹೆಚ್ಚುಕಡಿಮೆ ಹನ್ನೆರಡು ಕಿಲೋ ತೂಕದಷ್ಟು. ಬ್ಯಾಕ್‌ರೆಸ್ಟ್ ಇಲ್ಲದಿದ್ದರೆ ಈ ಕೆಲಸ ಹೊಟ್ಟೆಯ ಮತ್ತು ತೊಡೆಸಂದಿನ ಸ್ನಾಯುಗಳಿಗೆ, ಇಲ್ಲವೇ ಮುಂದಿನವರ ಸೊಂಟವನ್ನು ಹಿಡಿದ ಕೈಗಳಿಗೆ ಬೀಳುತ್ತದೆ. ಒಮ್ಮೆ ಆದರೆ ಅದು ದೊಡ್ಡದಲ್ಲ. ಪ್ರತಿ ಗೇರಿಗೂ, ಪ್ರತಿ ಹಂಪ್ ದಾಟಿದ ಮೇಲೂ, ಐದು ಗಂಟೆಗಳ ಕಾಲ ಇದು ಮರುಕಳಿಸುತ್ತದೆ. ಬಿಗಿದುಕೊಂಡೇ ಇರುವ ಸ್ನಾಯುವಿನಲ್ಲಿ ರಕ್ತದ ಓಟ ಕಡಿಮೆಯಾಗಿ ಅದು ಬೇಗನೆ ಸೋಲುತ್ತದೆ.

ಬೆನ್ನುಮೂಳೆಯ ಲೆಕ್ಕ ಬೇರೆಯೇ ಇದೆ. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ವ್ಯಕ್ತಿಗಳ ಬೆನ್ನುಮೂಳೆಯ ಡಿಸ್ಕಿನೊಳಗೆ, ಅಂದರೆ ಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆಯೊಳಗೆ, ಸೂಜಿ ಇಳಿಸಿ ಅಲ್ಲಿನ ಒತ್ತಡವನ್ನು ಅಳೆದರು. ಆಸರೆಯಿಲ್ಲದೆ ಕುಳಿತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚು ಎಂಬುದು ಅವರಿಗೆ ಕಂಡದ್ದು. 1999ರಲ್ಲಿ ಜರ್ಮನಿಯ ಹಾನ್ಸ್-ಯೋಆಕಿಮ್ ವಿಲ್ಕ ಮತ್ತು ಸಂಗಡಿಗರು ಅಳೆದಾಗ ಆ ವ್ಯತ್ಯಾಸ ಕಾಣಲಿಲ್ಲ. ಆದರೆ ಬೆನ್ನನ್ನು ಹಿಂದಕ್ಕೆ ಒರಗಿಸಿದಾಗ ಡಿಸ್ಕಿನ ಒತ್ತಡ ಇಳಿಯುತ್ತದೆ ಎಂಬಲ್ಲಿ ಎರಡೂ ಕಡೆಯ ಅಳತೆಗಳು ಒಂದೇ ದಿಕ್ಕನ್ನು ತೋರಿಸುತ್ತವೆ. ಬ್ಯಾಕ್‌ರೆಸ್ಟನ್ನು ಐಷಾರಾಮಿ ವಸ್ತುವೆಂದು ತಳ್ಳಿಹಾಕುವವರ ಮುಂದೆ ನಾನು ಇಡಬಯಸುವುದು ಇದೇ ಸಂಗತಿಯನ್ನು.

ಇನ್ನು ಬಲದ ದಾರಿಯನ್ನು ಹಿಡಿದು ಕೆಳಗಿಳಿಯೋಣ. ಬ್ಯಾಕ್‌ರೆಸ್ಟ್ ಎಂಬುದು ಒಂದು ಸನ್ನೆಕೋಲು. ಬೆನ್ನು ಒತ್ತುವ ಮೆತ್ತೆ ಮೇಲಿದೆ, ಅದನ್ನು ಹಿಡಿದಿರುವ ಬೋಲ್ಟುಗಳು ಸೀಟಿನ ಪಕ್ಕದಲ್ಲಿ ಸುಮಾರು 40 ಸೆಂ.ಮೀ. ಕೆಳಗಿವೆ ಎಂದುಕೊಳ್ಳಿ. ಕೆಟ್ಟ ಗುಂಡಿಯೊಂದರಲ್ಲಿ ಮೈ ಹಿಂದಕ್ಕೆ ಎಸೆಯಲ್ಪಟ್ಟು 500 ನ್ಯೂಟನ್ ಬಲ ಬಿದ್ದರೆ, ಬುಡದಲ್ಲಿ ಉಂಟಾಗುವ ಬಾಗಿಸುವ ಪರಿಣಾಮ 200 ನ್ಯೂಟನ್-ಮೀಟರ್. ಮುಂದಿನ ಮತ್ತು ಹಿಂದಿನ ಬೋಲ್ಟುಗಳ ನಡುವೆ 20 ಸೆಂ.ಮೀ. ಅಂತರವಿದ್ದರೆ ಮುಂದಿನ ಜೋಡಿ ಮೇಲಕ್ಕೂ ಹಿಂದಿನ ಜೋಡಿ ಕೆಳಕ್ಕೂ ತಲಾ 1000 ನ್ಯೂಟನ್ ಎಳೆತವನ್ನು ತಡೆಯಬೇಕಾಗುತ್ತದೆ. ಅಂತರ 10 ಸೆಂ.ಮೀ. ಆದರೆ ಅದೇ ಎಳೆತ 2000 ನ್ಯೂಟನ್‌ಗೆ ಏರುತ್ತದೆ. ಎರಡೂ ಬದಿಗೆ ಎರಡೆರಡರಂತೆ, ಆದಷ್ಟು ದೂರದೂರದಲ್ಲಿ, ನಾಲ್ಕು ಕಡೆ ಹಿಡಿತವಿರುವ ಜೋಡಣೆ ಉತ್ತಮವೆನ್ನುವುದು ಇದಕ್ಕಾಗಿಯೇ. ಆ ಹಿಡಿತ ಫ್ರೇಮಿಗೆ ಅಥವಾ ಮಡ್‌ಗಾರ್ಡನ್ನು ಹೊತ್ತ ಗಟ್ಟಿ ಉಕ್ಕಿನ ಆಸರೆಗೆ ಸೇರಬೇಕೇ ಹೊರತು, ಮಡ್‌ಗಾರ್ಡಿನ ತೆಳು ತಗಡಿಗಾಗಲಿ ಪ್ಲಾಸ್ಟಿಕ್ಕಿಗಾಗಲಿ ಅಲ್ಲ. ಅಂಥ ತಗಡು ಮೊದಲ ದಿನವೇ ಮುರಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ಎಂಜಿನಿಯರ್ ಆಗಸ್ಟ್ ವ್ಯೋಲರ್ ರೈಲು ಚಕ್ರಗಳ ಅಚ್ಚುಗಳ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿಕೊಟ್ಟಂತೆ, ಒಮ್ಮೆಗೆ ಮುರಿಯಲಾರದ ಸಣ್ಣ ಹೊರೆ ಲಕ್ಷಾಂತರ ಬಾರಿ ಮರುಕಳಿಸಿದಾಗ ಲೋಹ ದಣಿದು, ತೂತಿನ ಅಂಚಿನಲ್ಲೋ ವೆಲ್ಡಿಂಗಿನ ಬುಡದಲ್ಲೋ ಬಿರುಕು ಬಿಡುತ್ತದೆ.

ಬೋಲ್ಟ್ ಒಂದು ಗೂಟ, ಅಡ್ಡ ಬಿದ್ದ ಬಲವನ್ನು ಅದರ ಮೈ ತಡೆಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಸರಿಯಾಗಿ ಬಿಗಿದ ಬೋಲ್ಟ್ ಕೆಲಸ ಮಾಡುವುದು ಸ್ಪ್ರಿಂಗಿನಂತೆ: ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗಿ, ಎರಡು ತುಂಡುಗಳನ್ನು ಒಂದಕ್ಕೊಂದು ಅಮುಕಿ ಹಿಡಿಯುತ್ತದೆ, ಆ ತುಂಡುಗಳ ನಡುವಿನ ಘರ್ಷಣೆ ಅಡ್ಡ ಬಲವನ್ನು ಹೊರುತ್ತದೆ. ತಲೆಯ ಮೇಲೆ 8.8 ಎಂಬ ಗಟ್ಟಿತನದ ದರ್ಜೆಯ ಮುದ್ರೆಯಿರುವ 8 ಮಿ.ಮೀ. ಬೋಲ್ಟನ್ನು 25 ನ್ಯೂಟನ್-ಮೀಟರ್ ಟಾರ್ಕಿಗೆ (ತಿರುಚುವ ಬಲಕ್ಕೆ) ಬಿಗಿದರೆ ಸುಮಾರು 15,000 ನ್ಯೂಟನ್ ಅಮುಕುವ ಬಲ ಹುಟ್ಟುತ್ತದೆ. ಅಚ್ಚರಿಯೆಂದರೆ, ನಾವು ಹಾಕಿದ ಟಾರ್ಕಿನಲ್ಲಿ ಹತ್ತನೆಯ ಒಂದು ಭಾಗದಷ್ಟು ಮಾತ್ರ ಬೋಲ್ಟನ್ನು ಹಿಗ್ಗಿಸಲು ಬಳಕೆಯಾಗಿ, ಉಳಿದದ್ದೆಲ್ಲ ತಲೆಯ ಕೆಳಗಿನ ಮತ್ತು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ಆದ್ದರಿಂದ ಥ್ರೆಡ್ಡಿಗೆ ಎಣ್ಣೆ ಬಿದ್ದಿದ್ದರೆ ಅದೇ ಟಾರ್ಕಿಗೆ ಬೋಲ್ಟ್ ಬಹಳ ಹೆಚ್ಚು ಹಿಗ್ಗುತ್ತದೆ, ತುಕ್ಕಿದ್ದರೆ ಬಿಗಿಯಾದಂತೆ ತೋರಿದರೂ ಹಿಡಿತವಿರುವುದಿಲ್ಲ. ಟಾರ್ಕನ್ನು ಅಳೆದು ಬಿಗಿಯುವ ಟಾರ್ಕ್ ರೆಂಚ್ ಬಳಸಿ, ಕೈಪಿಡಿಯಲ್ಲಿ ಕೊಟ್ಟಿರುವ ಅಂಕಿಯನ್ನೇ ಪಾಲಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಈ ಅಮುಕುವ ಬಲ ಕಡಿಮೆಯಾದಾಗ ಏನಾಗುತ್ತದೆ ಎಂಬುದನ್ನು 1969ರಲ್ಲಿ ಜರ್ಮನ್ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ತೋರಿಸಿದರು. ಬೋಲ್ಟಿನ ಉದ್ದಕ್ಕೆ ಬೀಳುವ ಅದುರುವಿಕೆಗಿಂತ ಅಡ್ಡಕ್ಕೆ ಬೀಳುವ ಅದುರುವಿಕೆಯೇ ಅದನ್ನು ಬೇಗ ಸಡಿಲಿಸುತ್ತದೆ. ತುಂಡುಗಳು ಒಮ್ಮೆ ಜಾರತೊಡಗಿದರೆ ಬೋಲ್ಟ್ ತಾನಾಗಿಯೇ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಬ್ಯಾಕ್‌ರೆಸ್ಟಿನ ಬೋಲ್ಟುಗಳ ಮೇಲೆ ಬೀಳುವ ಬಲ ಬಹುಪಾಲು ಈ ಬಗೆಯದೇ. ಥ್ರೆಡ್ಡಿಗೆ ಒಂದು ಹನಿ ನೀಲಿ ಲಾಕ್‌ಟೈಟ್ ಹಾಕುವುದು ಇದನ್ನು ತಡೆಯಲು. ಗಾಳಿಯ ಸಂಪರ್ಕ ತಪ್ಪಿ ಲೋಹವನ್ನು ತಾಗಿದಾಗಲೇ ಗಟ್ಟಿಯಾಗುವ ಈ ದ್ರವ, ಮುಂದೆ ಸ್ಪ್ಯಾನರಿನಿಂದ ಬಿಚ್ಚಲು ಅಡ್ಡಿಮಾಡುವುದಿಲ್ಲ. ಕೆಂಪು ಬಗೆಯದನ್ನು ಬಿಚ್ಚಲು ಬಿಸಿ ಮಾಡಬೇಕಾಗಬಹುದು, ಹಾಗಾಗಿ ಇಲ್ಲಿ ಅದು ಬೇಡ.

ಕಳಚುವ ಬ್ಯಾಕ್‌ರೆಸ್ಟಿನಲ್ಲಿ ಎರಡು ಭಾಗಗಳಿವೆ. ರಬ್ಬರ್ ಬುಷ್ (ಬಳೆಯಂಥ ತೊಡಿಕೆ) ತೊಡಿಸಿದ ನಾಲ್ಕು ಗುಬ್ಬಿಗಳು, ಅಂದರೆ ಹೊರಚಾಚಿದ ಲೋಹದ ಮೊಳೆಗಳು, ಬೈಕಿನಲ್ಲೇ ಕಾಯಂ ಉಳಿಯುತ್ತವೆ. ಬ್ಯಾಕ್‌ರೆಸ್ಟಿನ ಪಕ್ಕದ ಪಟ್ಟಿಗಳಲ್ಲಿರುವ ಕಚ್ಚುಗಳು ಅವುಗಳ ಮೇಲೆ ಕುಳಿತು ಕೊಂಡಿಯಿಂದ ಭದ್ರವಾಗುತ್ತವೆ. ಬೈಕಿನ ಹಳೆಯ ಬೋಲ್ಟ್ ತೆಗೆದು ಗುಬ್ಬಿ ಕೂರಿಸುವಾಗ ನಡುವೆ ಹೊಸ ಲೋಹದ ದಪ್ಪ ಸೇರುವುದರಿಂದ, ಕಿಟ್ಟಿನೊಂದಿಗೆ ಬಂದ ಉದ್ದನೆಯ ಬೋಲ್ಟನ್ನೇ ಬಳಸಬೇಕು. ಉಕ್ಕಿನಲ್ಲಿ ಕನಿಷ್ಠ ಬೋಲ್ಟಿನ ವ್ಯಾಸದಷ್ಟಾದರೂ ಥ್ರೆಡ್ ಒಳಗೆ ಕಚ್ಚಿರಬೇಕು. ನಾಲ್ಕನ್ನೂ ಮೊದಲು ಕೈಯಲ್ಲಷ್ಟೇ ತಿರುಗಿಸಿ, ಬ್ಯಾಕ್‌ರೆಸ್ಟನ್ನು ಸಿಕ್ಕಿಸಿ ಸರಾಗವಾಗಿ ಕೂರುವುದನ್ನು ನೋಡಿಕೊಂಡು, ಅನಂತರ ಬಿಗಿಯುವುದು ಸರಿಯಾದ ಕ್ರಮ. ಮೊದಲೇ ಬಿಗಿದುಬಿಟ್ಟರೆ ಪಟ್ಟಿಗಳು ಸದಾ ಸೆಡೆತುಕೊಂಡೇ ಇರುತ್ತವೆ.

ಮೆತ್ತೆ ಎಷ್ಟು ಹಿಂದಿರಬೇಕು ಎಂಬುದು ಬೈಕಿನ ಸಮತೋಲಕ್ಕೆ ಸೇರಿದ ವಿಷಯ. ಚಕ್ರಗಳ ನಡುವೆ 1.4 ಮೀಟರ್ ಅಂತರವಿರುವ ಮೀಟಿಯರ್‌ನಲ್ಲಿ ನಲವತ್ತು ಕಿಲೋ ತೂಕ ಹತ್ತು ಸೆಂ.ಮೀ. ಹಿಂದೆ ಸರಿದರೆ, ಮುಂದಿನ ಚಕ್ರ ಸುಮಾರು 3 ಕಿಲೋ ಭಾರವನ್ನು ಹಿಂದಿನದಕ್ಕೆ ಬಿಟ್ಟುಕೊಡುತ್ತದೆ. ಬ್ಯಾಕ್‌ರೆಸ್ಟಿನ ಹಿಂದೆ ಪೆಟ್ಟಿಗೆಯನ್ನೂ ಕಟ್ಟಿದರೆ ಅದು ಇನ್ನೂ ಹೆಚ್ಚಾಗಿ, ತಿರುವುಗಳಲ್ಲಿ ಹ್ಯಾಂಡಲ್ ಹಗುರವಾದಂತೆ ಅನ್ನಿಸತೊಡಗುತ್ತದೆ.

ಬ್ರೇಕ್ ಹಿಡಿದಾಗ ಬ್ಯಾಕ್‌ರೆಸ್ಟ್ ಏನನ್ನೂ ಮಾಡಲಾರದು, ಆಗ ಮೈ ಮುಂದಕ್ಕೆ ಹೋಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹಿಂಬದಿ ಸವಾರರಿಗೆ ಕಾಯಂ ಹಿಡಿಕೆ, ಕಾಲಿಡುವ ಜಾಗ, ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ತಡೆ ಇರಲೇಬೇಕೆನ್ನುತ್ತದೆ. ಬ್ಯಾಕ್‌ರೆಸ್ಟಿಗೆ ಜಾಗ ಮಾಡಲು ಹಿಡಿಕೆಯನ್ನು ಕಿತ್ತುಹಾಕುವುದು ತಪ್ಪು. ಸೀರೆಯುಟ್ಟು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುವವರಿಗಂತೂ ಬ್ಯಾಕ್‌ರೆಸ್ಟ್ ಬೆನ್ನಿಗಲ್ಲ, ತೋಳಿಗೆ ತಗಲುತ್ತದೆ. ಅಂಥ ದಿನ ಅದನ್ನು ಕಳಚಿ ಮನೆಯಲ್ಲಿಡುವುದೇ ಸರಿ, ಹಿಡಿಕೆ ಮಾತ್ರ ಬೈಕಿನಲ್ಲಿರಲೇಬೇಕು.

ಅಳವಡಿಸಿದ ಮೇಲೆ ಮೆತ್ತೆಯ ಮೇಲ್ತುದಿಯನ್ನು ಹಿಡಿದು ಹಿಂದೆ ಮುಂದೆ ಬಲವಾಗಿ ಅಲುಗಿಸಿ ನೋಡಬೇಕು. ಇಡೀ ಬೈಕ್ ತನ್ನ ಸಸ್ಪೆನ್ಷನ್ ಮೇಲೆ ತೂಗಾಡಿದರೆ ಬಲ ಫ್ರೇಮಿಗೆ ತಲುಪಿದೆ ಎಂದರ್ಥ. ಬ್ಯಾಕ್‌ರೆಸ್ಟ್ ಮಾತ್ರ ಅಲುಗಿ ಕಟಕಟ ಸದ್ದು ಬಂದರೆ ರಬ್ಬರ್ ಬುಷ್‌ಗಳು ಸವೆದಿರಬಹುದು, ಇಲ್ಲವೇ ಬೋಲ್ಟ್ ಸಡಿಲವಾಗಿರಬಹುದು. ಮೊದಲ ದೂರ ಪ್ರಯಾಣ ಮುಗಿಸಿ ಬಂದ ಮೇಲೆ ಹೊಸ ಬಣ್ಣದ ಪದರ ಅಮುಕಿಕೊಂಡು ಬೋಲ್ಟುಗಳ ಬಿಗಿತ ಸ್ವಲ್ಪ ಇಳಿದಿರುವುದುಂಟು, ಆಗ ಟಾರ್ಕ್ ರೆಂಚನ್ನು ಇನ್ನೊಮ್ಮೆ ಕೈಗೆತ್ತಿಕೊಳ್ಳಬೇಕು.