ಮೇಲ್ದವಡೆಗೆ ಮೂಳೆ ಕಸಿ: ಸೈನಸ್ಸಿನ ನೆಲ ಎತ್ತಿದವರ ಚರಿತ್ರೆ

ಮೇಲಿನ ದವಡೆ ಹಲ್ಲು ಕೀಳಿಸಿಕೊಂಡು ವರ್ಷಗಳ ನಂತರ ಇಂಪ್ಲಾಂಟ್‌ಗೆ (ದವಡೆಯ ಮೂಳೆಗೆ ನೆಡುವ ಕೃತಕ ಹಲ್ಲಿನ ಬೇರು) ಹೋದವರಿಗೆ ದಂತವೈದ್ಯರು ಹಲವು ಸಲ ಹೇಳುವ ಮಾತು ಒಂದೇ: ಮೂಳೆ ಸಾಲದು. ಹಲ್ಲು ಹೋದ ಮೇಲೆ ಆ ಜಾಗದ ಮೂಳೆ ಕೆಳಗಿನಿಂದ ಕರಗುತ್ತದೆ, ಮೇಲಿನಿಂದ ಕೆನ್ನೆಯೊಳಗಿನ ಗಾಳಿ ತುಂಬಿದ ಪೊಳ್ಳು, ಅಂದರೆ ಸೈನಸ್, ಇಳಿದು ಬರುತ್ತದೆ. ನಡುವೆ ಕೆಲವರಲ್ಲಿ ಉಳಿಯುವುದು ಎರಡು ಮೂರು ಮಿ.ಮೀ. ಮಾತ್ರ. 10 ಮಿ.ಮೀ. ಉದ್ದದ ಇಂಪ್ಲಾಂಟ್ ಅಲ್ಲಿ ನಿಲ್ಲುವುದಾದರೂ ಹೇಗೆ? ಇದಕ್ಕೊಂದು ಉತ್ತರ, ಸೈನಸ್ಸಿನ ನೆಲದಲ್ಲಿ ಮೂಳೆ ತುಂಬಿ ದಪ್ಪ ಮಾಡುವ ಕಸಿ.

ಈ ಪೊಳ್ಳನ್ನು ಲಿಯೊನಾರ್ಡೊ ಡ ವಿಂಚಿ 15ನೇ ಶತಮಾನದಲ್ಲೇ ಚಿತ್ರಿಸಿದ್ದ. ಆದರೂ ಅದಕ್ಕೆ ಅಂಟಿಕೊಂಡಿದ್ದು 1651ರಲ್ಲಿ ಅದನ್ನು ವಿವರಿಸಿದ ಇಂಗ್ಲಿಷ್ ವೈದ್ಯ ನಥಾನಿಯಲ್ ಹೈಮೋರ್ ಅವರ ಹೆಸರು. ಹಲ್ಲು ಕಿತ್ತ ಗಾಯದೊಳಗೆ ಗರಿಯ ಕಡ್ಡಿ ತೂರಿಸಿ, ಅದು ಹೋಗುತ್ತಲೇ ಇರುವುದನ್ನು ಕಂಡು ಮಿದುಳಿಗೇ ತಲುಪಿತೆಂದು ಗಾಬರಿಯಾದ ಮಹಿಳೆಯೊಬ್ಬರ ಪ್ರಸಂಗವನ್ನೂ ಹೈಮೋರ್ ದಾಖಲಿಸಿದ್ದಾರೆ. ಬಾಯಿಗೂ ಸೈನಸ್ಸಿಗೂ ಎಷ್ಟು ತೆಳುವಾದ ಗೋಡೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 1890ರ ದಶಕದಲ್ಲಿ ಅಮೆರಿಕದ ಕಾಲ್ಡ್‌ವೆಲ್ ಮತ್ತು ಫ್ರಾನ್ಸಿನ ಲುಕ್, ತುಟಿಯ ಒಳಬದಿಯಿಂದ ಮೂಳೆಯಲ್ಲಿ ಕಿಂಡಿ ಕೊರೆದು ಸೋಂಕಿದ ಸೈನಸ್ಸನ್ನು ಶುಚಿಗೊಳಿಸುವ ವಿಧಾನವನ್ನು ಪ್ರತ್ಯೇಕವಾಗಿ ಪ್ರಕಟಿಸಿದರು. ಮೂಳೆ ಕಸಿಯವರು ಮುಂದೆ ಹಿಡಿದದ್ದು ಹೆಚ್ಚುಕಡಿಮೆ ಇದೇ ದಾರಿಯನ್ನು.

ವಿಚಿತ್ರವೆಂದರೆ, ಈ ಕಸಿ ಹುಟ್ಟಿದ್ದು ಇಂಪ್ಲಾಂಟ್‌ಗಾಗಿ ಅಲ್ಲ. 1960ರ ದಶಕದಲ್ಲಿ ಅಮೆರಿಕದ ಶಸ್ತ್ರವೈದ್ಯ ಫಿಲಿಪ್ ಬಾಯ್ನ್ ಅವರ ಮುಂದಿದ್ದದ್ದು ಕೃತಕ ದಂತಪಂಕ್ತಿಯ ತೊಡಕು. ದವಡೆಯ ಹಿಂಬದಿ ಉಬ್ಬಿಕೊಂಡು ದಂತಪಂಕ್ತಿಗೆ ಜಾಗವಿಲ್ಲದವರಲ್ಲಿ ಆ ಉಬ್ಬನ್ನು ಕೆತ್ತಬೇಕಿತ್ತು; ಕೆತ್ತಿದರೆ ಸೈನಸ್ ತೆರೆದುಕೊಳ್ಳುವ ಭಯ. ಅದಕ್ಕೆ ಅವರು ಮೊದಲೇ ಸೈನಸ್ಸಿನ ನೆಲದಲ್ಲಿ ಮೂಳೆ ತುಂಬಿ ದಪ್ಪ ಮಾಡಿಕೊಂಡರು.

ಅತ್ತ ಸ್ವೀಡನ್ನಿನಲ್ಲಿ ಸಂಶೋಧಕ ಬ್ರೊನೆಮಾರ್ಕ್, ಮೂಳೆ ಟೈಟಾನಿಯಂಗೆ ಬೆಸೆದುಕೊಳ್ಳುವುದನ್ನು ಕಂಡುಕೊಂಡು 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದ್ದರು. ಕಸಿ, ಇಂಪ್ಲಾಂಟ್ ಎಂಬ ಎರಡು ಎಳೆ ಕೂಡಿದ್ದು 1970ರ ದಶಕದಲ್ಲಿ. ಅಮೆರಿಕದ ದಂತವೈದ್ಯ ಹಿಲ್ಟ್ ಟೇಟಮ್ 1976ರಲ್ಲಿ ಅಲಬಾಮಾದ ಸಮ್ಮೇಳನದಲ್ಲಿ, ಇಂಪ್ಲಾಂಟ್‌ಗಾಗಿ ಸೈನಸ್ಸಿನ ನೆಲ ಎತ್ತುವ ತಮ್ಮ ವಿಧಾನವನ್ನು ಮಂಡಿಸಿದರು. 1980ರಲ್ಲಿ ಬಾಯ್ನ್ ಮತ್ತು ಜೇಮ್ಸ್, ರೋಗಿಯ ಸ್ವಂತ ಮೂಳೆ, ಮಜ್ಜೆ ಬಳಸಿದ ಕಸಿಯ ವರದಿ ಪ್ರಕಟಿಸಿದರು.

ಕೈಚಳಕವೆಲ್ಲ ಇರುವುದು ಪೊರೆಯಲ್ಲಿ. ಸೈನಸ್ಸಿನ ಒಳಗೋಡೆಗೆ ಅಂಟಿದ, ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಒಂದು ಮಿ.ಮೀ. ದಪ್ಪವೂ ಇಲ್ಲದ ಪೊರೆಯನ್ನು ಹರಿಯದಂತೆ ಬಿಡಿಸಿ ಮೇಲೆತ್ತಬೇಕು. ಅದರಡಿಯ ಜಾಗಕ್ಕೇ ಮೂಳೆ ತುಂಬುವುದು. ಇಂದಿಗೂ ಈ ಶಸ್ತ್ರಚಿಕಿತ್ಸೆಯಲ್ಲಿ ಅತಿ ಸಾಮಾನ್ಯ ತೊಡಕು ಪೊರೆ ಹರಿಯುವುದೇ. 1994ರಲ್ಲಿ ರಾಬರ್ಟ್ ಸಮ್ಮರ್ಸ್, ಪಕ್ಕದ ಕಿಂಡಿಯನ್ನೇ ಬಿಟ್ಟು, ಇಂಪ್ಲಾಂಟ್ ಕೂರಿಸುವ ತೂತಿನಿಂದಲೇ ಉಳಿಯಂಥ ಸಲಕರಣೆಯಿಂದ ನೆಲವನ್ನು ಮೆಲ್ಲಗೆ ಮೇಲಕ್ಕೆ ತಟ್ಟುವ ಕ್ರಮ ತಂದರು. ಗಾಯ ಚಿಕ್ಕದು, ಆದರೆ ಒಂದಿಷ್ಟು ಮೂಳೆ ಉಳಿದವರಿಗಷ್ಟೇ ಇದು ಹೊಂದುತ್ತದೆ.

ತುಂಬುವುದಾದರೂ ಏನನ್ನು? ಮೊದಲು ಸೊಂಟದ ಮೂಳೆ. ಬಾಯಿಯ ಚಿಕಿತ್ಸೆಗೆ ಬಂದವರು ಸೊಂಟ ಹಿಡಿದುಕೊಂಡು ಕುಂಟುತ್ತಾ ಮನೆಗೆ ಹೋಗುವುದು ಯಾರಿಗೂ ಹಿಡಿಸಲಿಲ್ಲ. ಗದ್ದದ ಮೂಳೆ, ದಾನಿಗಳ ಮೂಳೆ, ಸಂಸ್ಕರಿಸಿದ ದನದ ಮೂಳೆಯ ಹರಳು, ಕೃತಕ ಕ್ಯಾಲ್ಸಿಯಂ ಫಾಸ್ಫೇಟ್ ಒಂದೊಂದಾಗಿ ಬಂದವು. 1996ರಲ್ಲಿ ಅಮೆರಿಕದಲ್ಲಿ ತಜ್ಞರು ಸೇರಿ 38 ಶಸ್ತ್ರವೈದ್ಯರು ಮಾಡಿದ ಸುಮಾರು 1,000 ಕಸಿಗಳ ದಾಖಲೆ ಪರಿಶೀಲಿಸಿದಾಗ, ಕನಿಷ್ಠ ಮೂರು ವರ್ಷ ಬಳಕೆಯಲ್ಲಿದ್ದ ಇಂಪ್ಲಾಂಟ್‌ಗಳಲ್ಲಿ ಶೇ. 90ರಷ್ಟು ಯಶಸ್ಸು ಕಂಡಿತು. ಯಾವ ವಸ್ತು ಮೇಲು ಎಂದು ಹೇಳಲು ಮಾತ್ರ ಆ ದಾಖಲೆ ಸಾಲಲಿಲ್ಲ.

2004ರಲ್ಲಿ ಸ್ವೀಡನ್ನಿನ ಲುಂಡ್‌ಗ್ರೆನ್ ಮತ್ತು ಸಂಗಡಿಗರು ಈ ವಾದವನ್ನೇ ಪಕ್ಕಕ್ಕಿಟ್ಟರು. ಪೊರೆ ಎತ್ತಿ, ಇಂಪ್ಲಾಂಟನ್ನೇ ಕಂಬವಾಗಿ ನಿಲ್ಲಿಸಿ, ಏನನ್ನೂ ತುಂಬದೆ ಹೊಲಿದರು. ಹೆಪ್ಪುಗಟ್ಟಿದ ರಕ್ತದಿಂದಲೇ ಅಲ್ಲಿ ಹೊಸ ಮೂಳೆ ಬೆಳೆಯಿತು. ಸುಮಾರು 6 ಮಿ.ಮೀ.ನ ಗಿಡ್ಡ ಇಂಪ್ಲಾಂಟ್‌ಗಳೂ ಈಗ ನೆಚ್ಚುವಂತಾಗಿವೆ. ಕೆನ್ನೆಮೂಳೆಗೆ ನೆಡುವ ಉದ್ದನೆಯ ಇಂಪ್ಲಾಂಟ್‌ಗಳು ಬಹಳ ಸವೆದ ದವಡೆಗಳಿಗೆ ಬೇರೊಂದು ದಾರಿ. ಐದಾರು ಮಿ.ಮೀ. ಮೂಳೆ ಉಳಿದಿರುವವರಿಗೂ ದೊಡ್ಡ ಕಸಿಯನ್ನೇ ಮೊದಲು ಸೂಚಿಸುವ ವೈದ್ಯರನ್ನು, ಗಿಡ್ಡ ಇಂಪ್ಲಾಂಟ್ ಏಕೆ ಆಗದು ಎಂದು ಧಾರಾಳವಾಗಿ ಕೇಳಬಹುದು.